ತಂತಿ ಮೇಲಿನ ಬೂದಿ

ಬೆಳಗ್ಗೆ ಬಟ್ಟೆ ಒಣಗಿಸೋಕೆ ಮಹಡಿಗೆ ಹೋದರೆ ತಂತಿ ಮೇಲೆಲ್ಲ ಕರಿ ಬೂದಿ. ಮಂಡ್ಯದ ಪಕ್ಕದ ಹಳ್ಳಿ ನಮ್ಮದು, ಸುತ್ತಲೂ ಆಲೆಮನೆ. ಬೆಲ್ಲ ಬೇಕು, ಹೊಗೆ ಬೇಡ ಅಂದ್ರೆ ಆಗುತ್ತದಾ?

ಕಾಣೋ ಬೂದಿಗಿಂತ ಕಾಣದ ಪಿಎಂ 2.5 ಅನ್ನೋ ಸೂಕ್ಷ್ಮ ಕಣ ಕೆಟ್ಟದ್ದು. ತಲೆಕೂದಲು ಸುಮಾರು 70 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ, ಈ ಕಣ 2.5 ಮೈಕ್ರಾನ್ ಅಥವಾ ಇನ್ನೂ ಸಣ್ಣದು. ಅಳೆಯೋ ಯಂತ್ರ ನಮ್ಮೂರಲ್ಲಿಲ್ಲ. ಹಾಗಾಗಿ ಉಪಗ್ರಹ ನೋಡಿದೆ. ನಾಸಾದ ಟೆರ್ರಾ, ಅಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಅನ್ನೋ ಉಪಕರಣ, ಗಾಳಿಯ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಅಂತ 1 ಕಿ.ಮೀ. ಚೌಕಗಳಲ್ಲಿ ಹೇಳುತ್ತದೆ, ಆದರೆ ಅದು ನೆಲದಿಂದ ಆಕಾಶದವರೆಗಿನ ಒಟ್ಟು ಲೆಕ್ಕ, ಮೂಗಿನ ಮಟ್ಟದ್ದಲ್ಲ. ಮೋಡ ಇದ್ದರೆ ಅದೂ ಇಲ್ಲ, ರಾತ್ರಿಯಂತೂ ಕೇಳಲೇಬೇಡಿ.

ನಮಗೆ ಕಾಟ ಕೊಡೋದೇ ರಾತ್ರಿ ಹೊಗೆ! ನೆಲ ತಣ್ಣಗಾದಾಗ ಮೇಲಿನ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ, ಹೊಗೆ ಗದ್ದೆ ಮೇಲೇ ಹರಡುತ್ತದೆ. ಇದನ್ನು ಹಿಡಿಯೋಕೆ ಹೊಗೆ ಹೇಗೆ ಹರಡುತ್ತದೆ ಅಂತ ಲೆಕ್ಕ ಹಾಕೋ ಗಣಿತದ ಮಾದರಿ ಬೇಕು. ಅದಕ್ಕೆ ಕೊಡಬೇಕಾದ್ದು ನಾಲ್ಕು: ಚಿಮಣಿ ಎತ್ತರ, ಗಾಳಿಯ ವೇಗ, ದಿಕ್ಕು, ಹೊಗೆಯ ಪ್ರಮಾಣ. ಮೊದಲ ಮೂರು ಹೇಗೋ ಸಿಕ್ಕವು. ನಾಲ್ಕನೆಯದಕ್ಕೆ ಆಲೆಮನೆಗೇ ಹೋಗಿ, "ದಿನಕ್ಕೆ ಎಷ್ಟು ಸಿಪ್ಪೆ ಉರಿಸ್ತೀರಣ್ಣ?" ಅಂದೆ.

"ಒಲೆ ಕೇಳಿದಷ್ಟು" ಅಂದರು, ಕೈಗೊಂದು ತುಂಡು ಬಿಸಿ ಬೆಲ್ಲ ಇಟ್ಟರು.