ಬಿದ್ದುಹೋದ ಪ್ರಶ್ನಾರ್ಥಕ ಚಿಹ್ನೆ

2025ರ ಮಾರ್ಚ್ 1, ಶನಿವಾರ

ವೈದ್ಯಕೀಯ ಓದಲು ಹಾವೇರಿ ಜಿಲ್ಲೆಯಿಂದ ಉಕ್ರೇನಿಗೆ ಹೋಗಿದ್ದ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ದಿನಸಿಗೆಂದು ಹೊರಗೆ ಬಂದಾಗ ರಷ್ಯಾದ ದಾಳಿಗೆ ಬಲಿಯಾಗಿ ಇಂದಿಗೆ ಮೂರು ವರ್ಷ. ಬೆಳಿಗ್ಗೆಯಿಂದ ಅದೇ ನೆನಪು ಕಾಡುತ್ತಿದ್ದುದರಿಂದ, ಸಂಜೆ ಅಮೆರಿಕದ ವಿದೇಶಾಂಗ ವಿಚಾರಗಳ ಪತ್ರಿಕೆ ‘ಫಾರಿನ್ ಅಫೇರ್ಸ್’ನ 1993ರ ಬೇಸಿಗೆ ಸಂಚಿಕೆಯ ಎರಡು ಲೇಖನಗಳ ಹಳೆಯ ಜೆರಾಕ್ಸ್ ಪ್ರತಿಯನ್ನು ಹುಡುಕಿ ತೆಗೆದು ಮತ್ತೆ ಓದಿದೆ.

ಮೊದಲನೆಯದು ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್ಟನ್ನರ ನಾಗರಿಕತೆಗಳ ಸಂಘರ್ಷದ ವಾದ. ಇನ್ನು ಮುಂದೆ ಜಗತ್ತಿನ ಕಲಹಗಳಿಗೆ ಮುಖ್ಯ ಕಾರಣ ಸಿದ್ಧಾಂತವಾಗಲಿ ಆರ್ಥಿಕತೆಯಾಗಲಿ ಆಗಿರದೆ ಧರ್ಮ, ಸಂಸ್ಕೃತಿಗಳು ರೂಪಿಸಿದ ನಾಗರಿಕತೆಯೇ ಆಗಿರುತ್ತದೆ ಎಂದ ಅವರು, ಅದೇ ತರ್ಕವನ್ನು ಹಿಡಿದು, ರಷ್ಯನ್ನರೂ ಉಕ್ರೇನಿಯನ್ನರೂ ಸ್ಲಾವ್ ಜನ, ಬಹುಪಾಲು ಆರ್ಥೊಡಾಕ್ಸ್ ಕ್ರೈಸ್ತರು, ಆದ್ದರಿಂದ ಅವರ ನಡುವೆ ಹಿಂಸೆಯ ಸಂಭವ ಕಡಿಮೆ ಎಂದು ಬರೆದರು. ಆ ಲೇಖನ ಮುಗಿದು ಪುಟ ತಿರುವಿದರೆ ಅಮೆರಿಕದ ಇನ್ನೊಬ್ಬ ರಾಜ್ಯಶಾಸ್ತ್ರಜ್ಞ ಜಾನ್ ಮಿಯರ್‌ಶೈಮರ್ ಎದುರಾಗುತ್ತಾರೆ. ರಷ್ಯಾ ಮುಂದೊಂದು ದಿನ ಮೇಲೆ ಬೀಳಬಾರದೆಂದರೆ ಉಕ್ರೇನ್ ತನ್ನ ಅಣ್ವಸ್ತ್ರಗಳನ್ನು ಬಿಟ್ಟುಕೊಡಕೂಡದು ಎಂಬುದು ಅವರ ಹಟ. ಉಕ್ರೇನ್ ಬಿಟ್ಟುಕೊಟ್ಟಿತು, 1994ರ ಡಿಸೆಂಬರಿನಲ್ಲಿ ಅದರ ಗಡಿಗಳನ್ನು ಗೌರವಿಸುವುದಾಗಿ ಬುಡಾಪೆಸ್ಟಿನಲ್ಲಿ ರುಜು ಹಾಕಿದವರಲ್ಲಿ ರಷ್ಯಾವೂ ಇತ್ತು.

ಹಾಗೆಂದು ಮಿಯರ್‌ಶೈಮರರಿಗೆ ಪೂರ್ತಿ ಅಂಕ ಕೊಡಲು ನನಗೆ ಮನಸ್ಸಿಲ್ಲ. ಬಲಾಢ್ಯ ನೆರೆಯವನು ಏನು ಮಾಡಿಯಾನು ಎಂಬುದನ್ನು, ದೇಶಗಳು ಬಲಾಬಲ ನೋಡಿಯೇ ನಡೆಯುತ್ತವೆ ಎನ್ನುವ ಅವರ ವಾಸ್ತವವಾದ ಹೇಳುತ್ತದೆಯೇ ಹೊರತು, ರಷ್ಯಾದ ಗಡಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿರುವ, ಹೆಚ್ಚಿನವರು ರಷ್ಯನ್ ಭಾಷೆಯನ್ನೇ ಆಡುತ್ತಿದ್ದ ಖಾರ್ಕಿವ್ ಆ ಸೈನ್ಯಕ್ಕೆ ಬಾಗಿಲು ತೆರೆಯದೆ ಕಾದಾಡಿದ್ದೇಕೆ ಎಂಬುದನ್ನು ಹೇಳುವುದಿಲ್ಲ. ನಾಗರಿಕತೆಗಳ ಗಡಿ ತೋರಿಸುವ ಹಂಟಿಂಗ್ಟನ್ನರ ನಕ್ಷೆಯಲ್ಲಂತೂ ಆ ಊರು ರಷ್ಯಾದ ಪಾಲಿಗೇ ಸೇರಿದ್ದು. ಉತ್ತರದ ಎಳೆಯೊಂದು ಸಿಗುವುದು ಎಲ್ಲರೂ ಗೇಲಿ ಮಾಡುವ ಅಮೆರಿಕದ ಚಿಂತಕ ಫ್ರಾನ್ಸಿಸ್ ಫುಕುಯಾಮಾರಲ್ಲಿ. ಬರ್ಲಿನ್ ಗೋಡೆ ಉರುಳುವುದಕ್ಕೆ ಕೆಲವೇ ತಿಂಗಳ ಮುಂಚೆ, 1989ರ ಬೇಸಿಗೆಯಲ್ಲಿ, ಇತಿಹಾಸ ಮುಗಿಯಿತೇ ಎಂದು ಕೇಳಿದ ಅವರು ಯುದ್ಧಗಳು ನಿಂತುಹೋಗುತ್ತವೆ ಎಂದಿರಲಿಲ್ಲ; ಉದಾರ ಪ್ರಜಾಪ್ರಭುತ್ವಕ್ಕೆ ಸಾಟಿಯಾಗಿ ನಿಲ್ಲುವ ವಿಚಾರ ಉಳಿದಿಲ್ಲ ಎಂದಿದ್ದರು. ಅನ್ನದಷ್ಟೇ ಮಾನವನ್ನೂ ಬಯಸುವ, ತನ್ನನ್ನು ಸರಿಸಮನೆಂದು ಇತರರು ಮನ್ನಿಸಬೇಕೆನ್ನುವ ಹಂಬಲವೂ ಇತಿಹಾಸವನ್ನು ಎಳೆದೊಯ್ಯುತ್ತದೆ ಎಂಬ ಅವರ ಮಾತನ್ನು ಗೇಲಿ ಮಾಡುವವರು ಓದಿದಂತಿಲ್ಲ.

ಫುಕುಯಾಮಾ, ಹಂಟಿಂಗ್ಟನ್ ಇಬ್ಬರ ಲೇಖನಗಳ ತಲೆಬರಹದಲ್ಲೂ ಪ್ರಶ್ನಾರ್ಥಕ ಚಿಹ್ನೆಯಿತ್ತು. 1992ರಲ್ಲಿ ಒಂದು, 1996ರಲ್ಲಿ ಇನ್ನೊಂದು ಪುಸ್ತಕವಾದಾಗ ಎರಡರಲ್ಲೂ ಅದು ಬಿದ್ದುಹೋಯಿತು. (ಸಂದೇಹಕ್ಕೆ ಗಿರಾಕಿಗಳು ಕಡಿಮೆಯೇನೋ.) ಹಿಂಸೆಯ ಸಂಭವ ಕಡಿಮೆ ಎಂಬ ಸಾಲಿನ ಪಕ್ಕದಲ್ಲಿ, ಜೆರಾಕ್ಸಿನ ಅಂಚಿನಲ್ಲಿ, ಪೆನ್ಸಿಲಿನಿಂದ ‘ಖಾರ್ಕಿವ್, 1-3-2022’ ಎಂದು ಬರೆದಿಟ್ಟೆ.