ಅಜ್ಜಿಯ ಹಾಲಿನ ಲೆಕ್ಕ ಮತ್ತು ದೇಶದ ಗುರುತು

ನಮ್ಮ ಅಜ್ಜಿ ಮನೆಯಲ್ಲಿ ಆಡುತ್ತಿದ್ದುದು ಕೊಂಕಣಿ, ಹಾಲಿನ ಲೆಕ್ಕ ಬರೆದಿಡುತ್ತಿದ್ದುದು ಮರಾಠಿಯಲ್ಲಿ, ಮೊಮ್ಮಕ್ಕಳಿಂದ ಓದಿಸಿ ಕೇಳುತ್ತಿದ್ದುದು ಕನ್ನಡ ಪತ್ರಿಕೆ. ಕಾರವಾರದಲ್ಲಿ ಇದೇನೂ ವಿಶೇಷವಲ್ಲ. 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯ ಊರು ಇದು. ಮನೆ ಇದ್ದಲ್ಲೇ ಇತ್ತು, ರಾಜಧಾನಿ ಮಾತ್ರ ಬದಲಾಗುತ್ತಿತ್ತು. ದೇಶ ಒಂದಾಗಲು ಭಾಷೆಯೂ ಒಂದೇ ಆಗಬೇಕೆಂಬ ವಾದ ಕೇಳಿದಾಗಲೆಲ್ಲ ನನಗೆ ಆ ಹಾಲಿನ ಲೆಕ್ಕದ ಪುಸ್ತಕ ನೆನಪಾಗುತ್ತದೆ.

ಜನಾಂಗ, ಭಾಷೆಗಳಿಗಿಂತ ಒಟ್ಟಿಗೆ ಪಟ್ಟ ಪಾಡಿನ ನೆನಪು ಮತ್ತು ಮುಂದೆಯೂ ಜೊತೆಗಿರಬೇಕೆಂಬ ಇಚ್ಛೆ ರಾಷ್ಟ್ರವನ್ನು ಕಟ್ಟುತ್ತವೆ ಎಂದು ಫ್ರಾನ್ಸಿನ ಚಿಂತಕ ಅರ್ನೆಸ್ಟ್ ರೆನಾನ್ 1882ರಲ್ಲೇ ವಾದಿಸಿದ್ದ. ನಮ್ಮ ಕರಾವಳಿಯಲ್ಲಿ ಆ ನೆನಪಿಗೆ ಉಪ್ಪಿನ ರುಚಿಯಿದೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಜಮೀನನ್ನೇ ಕಳೆದುಕೊಂಡರು. ಅಂಥ ಮನೆಗಳಲ್ಲಿ ಬೆಳೆದವರಿಗೆ ದೇಶಭಕ್ತಿಯೆಂದರೆ ಸರ್ಕಾರಕ್ಕೆ ತಲೆಬಾಗುವುದಲ್ಲ, ಸರ್ಕಾರವನ್ನು ಎದುರು ನಿಂತು ಕೇಳುವುದು. (ಮಿಡಿಮಾವಿಗೆ ಸಾಣಿಕಟ್ಟೆಯ ದಪ್ಪ ಉಪ್ಪೇ ಆಗಬೇಕೆಂಬ ಅಜ್ಜಿಯ ಹಟಕ್ಕೂ ಇದಕ್ಕೂ ಸಂಬಂಧವಿಲ್ಲ, ಇದೆಯೆಂದು ನಂಬಲು ನನಗಿಷ್ಟ.)

ಹುಟ್ಟನ್ನೋ ಭಾಷೆಯನ್ನೋ ಗುರುತಿನ ಆಧಾರವಾಗಿಸಿದರೆ ರಾಜಕೀಯದ ಮೊದಲ ಪ್ರಶ್ನೆಯೇ ಬೇರೆಯಾಗಿ, ಸರ್ಕಾರ ಏನು ಮಾಡಿತು ಎನ್ನುವ ಬದಲು ನೀನು ಯಾರ ಕಡೆಯವನು ಎಂಬ ವಿಚಾರಣೆ ಶುರುವಾಗುತ್ತದೆ. ಮಹಾರಾಷ್ಟ್ರ ಕಾರವಾರದ ಮೇಲೂ ಹಕ್ಕು ಸಾಧಿಸಿ, 1967ರಲ್ಲಿ ಗಡಿ ವಿವಾದದ ಕುರಿತ ಮಹಾಜನ್ ಆಯೋಗದ ವರದಿ ಬಂದ ಕಾಲದಲ್ಲಿ ಆದದ್ದು ಅದೇ. ಕೊಂಕಣಿ ಮರಾಠಿಯ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಪಂಡಿತರ ಚರ್ಚೆ, ಅಡುಗೆಮನೆಯಲ್ಲಿ ಮೀನು ಹೆಚ್ಚುವ ಹೆಂಗಸು ಯಾವ ರಾಜ್ಯದವಳೆಂದು ತೀರ್ಮಾನಿಸುವ ಸಾಕ್ಷ್ಯವಾಗಿಬಿಟ್ಟಿತು. ಕೊಂಕಣಿ ಸಂವಿಧಾನದ ಎಂಟನೇ ಅನುಸೂಚಿಗೆ, ಅಂದರೆ ಮಾನ್ಯ ಭಾಷೆಗಳ ಪಟ್ಟಿಗೆ, ಸೇರಿದ್ದು 1992ರಲ್ಲಿ.

ಕಾರವಾರದ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ನಮ್ಮ ನೆಂಟರೊಬ್ಬರಲ್ಲಿ ಹೆಮ್ಮೆ, ಅಸಮಾಧಾನ ಎರಡೂ ಒಂದೇ ಎದೆಯಲ್ಲಿ ಕೂತಿವೆ. ಚುನಾವಣೆಗೆ ಬರುವ ಭಾಷಣಕಾರರು ಒಂದನ್ನು ಮಾತ್ರ ಮಾತನಾಡಿಸುತ್ತಾರೆ. ಹೋದ ಸ್ವಾತಂತ್ರ್ಯ ದಿನದಂದು ಆ ನೆಂಟರು ಮೊಮ್ಮಗನಿಗೆ ಕಡಲತೀರದಲ್ಲಿರುವ ಚಾಪಲ್ ಯುದ್ಧನೌಕೆಯನ್ನು ಹತ್ತಿಸಿ ತೋರಿಸಿದರು. ಮರಳುವಾಗ ನೌಕಾನೆಲೆಯ ಗೋಡೆಯ ಪಕ್ಕ ಗಾಡಿ ನಿಲ್ಲಿಸಿ, ಒಳಗಿನ ತೆಂಗಿನ ಮರಗಳತ್ತ ಕೈ ತೋರಿಸಿ, "ಆ ಮೂರನೆಯದರ ಬುಡದಲ್ಲಿ ನಮ್ಮ ಬಾವಿ ಇತ್ತು" ಎಂದರಂತೆ.