ದಿನಕ್ಕೆ 529 ರೂಪಾಯಿ

ನನ್ನ 2023ರ ಡೈರಿಯ ಕೊನೆಯ ಹಾಳೆ ತುಂಬ ಬರೀ ಗೀಟುಗಳಿವೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಅಕ್ಕನ ಮಗ ಅದನ್ನು ನೋಡಿ, 'ಚಿಕ್ಕಮ್ಮ, ಇದು ಜೈಲಿನವರು ಗೋಡೆ ಮೇಲೆ ಹಾಕ್ತಾರಲ್ಲ ಹಂಗಿದೆ' ಅಂದ. ಅವನ ಮಾತು ಪೂರ್ತಿ ತಪ್ಪೇನಲ್ಲ.

ಪಾರ್ಸೆಲ್ ಸಾಗಿಸುವ ಕಂಪನಿಯೊಂದರಲ್ಲಿ ಗ್ರಾಹಕರ ದೂರು ನೋಡುವ ತಂಡಕ್ಕೆ ನಾನು ಲೀಡ್. 2018ರ ಅಕ್ಟೋಬರ್ 8ಕ್ಕೆ ಸೇರಿದ್ದೆ. 48 ಗಂಟೆ ದಾಟಿದ ದೂರು ಪರದೆ ಮೇಲೆ ಕೆಂಪಾಗುತ್ತಿತ್ತು. ಕೆಂಪು ಜಾಸ್ತಿಯಾದರೆ ಮ್ಯಾನೇಜರ್ ಮೆಸೇಜ್: 'ಒಂದ್ ನಿಮಿಷ ಫ್ರೀನಾ?' ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ ಯಾರು ಫ್ರೀ ಇರಲ್ಲ ಹೇಳಿ. ಮನೆಗೆ ಬಂದ ಮೇಲೆ ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಇಡುತ್ತಿದ್ದೆ, ಕಣ್ಣಿಗೆ ಬೀಳದಿರಲಿ ಅಂತ. ಅದು ನಡುಗಿದರೆ ಸ್ಟೀಲ್ ಡಬ್ಬವೂ ಸೇರಿ ಗುರ್ರ್ ಅನ್ನುತ್ತಿತ್ತು. ಕೆಲಸ ಬಿಟ್ಟು ಏಳು ತಿಂಗಳಾಯಿತು. ಈಗಲೂ ಪಕ್ಕದ ಮನೆಯಲ್ಲಿ ಮಿಕ್ಸಿ ಶುರುವಾದರೆ ಹೊಟ್ಟೆಯಲ್ಲಿ ಏನೋ ಹಿಂಡುತ್ತದೆ.

2023ರ ಫೆಬ್ರವರಿಯಲ್ಲಿ ಡಾಕ್ಟರ್ ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. 150ಕ್ಕೆ 100. 'ವಯಸ್ಸೆಷ್ಟು?' 'ಮೂವತ್ನಾಲ್ಕು.' 'ನಿದ್ದೆ?' ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲೇ ಅವರು ಬರೆದುಕೊಂಡಾಗಿತ್ತು.

ಬಿಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಬಿಡಲಿಲ್ಲ. ಅಕ್ಕ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: 'ಐದು ವರ್ಷ ಆಯ್ತೇನೇ? ಇಲ್ಲಾಂದ್ರೆ ಗ್ರಾಚ್ಯುಟಿ ಹೋಗುತ್ತಲ್ಲೇ!' ಒಂದೇ ಕಡೆ ಐದು ವರ್ಷ ದುಡಿದು ಬಿಟ್ಟವರಿಗೆ ಕಂಪನಿ ಕೊಡಬೇಕಾದ ಇಡಿಗಂಟು ಅದು.

ಅಲ್ಲಿಂದ ಶುರುವಾಯಿತು ನನ್ನ ಇನ್ನೊಂದು ಕಾಯಿಲೆ. ಹಗಲು ಕೆಂಪು ದೂರುಗಳು, ರಾತ್ರಿ ಲೆಕ್ಕ. ಬಿಟ್ಟರೆ ಏನೇನು ಹೋಗುತ್ತೆ? ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೊಂದು ಪುರಾಣ. ರಾಜೀನಾಮೆ ಕೊಟ್ಟರೆ ಪಿಎಫ್‌ನಲ್ಲಿ ಕಂಪನಿ ಹಾಕಿದ ಪಾಲು ಬರಲ್ಲ ಅಂತ ಒಬ್ಬರು. ಪೆನ್ಷನ್ ದುಡ್ಡು ಮುಳುಗುತ್ತೆ ಅಂತ ಇನ್ನೊಬ್ಬರು. ಎರಡೂ ಸುಳ್ಳು. ಆದರೆ ರಾತ್ರಿ ಎರಡು ಗಂಟೆಗೆ ಸುಳ್ಳೂ ನಿಜದಷ್ಟೇ ತೂಕ ಇರುತ್ತದೆ.

ಗ್ರಾಚ್ಯುಟಿ ಅಂದಾಗಲೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಲಕ್ಷಗಳು. ಯಾಕೆ ಅಂತ ಗೊತ್ತಿಲ್ಲ. ಬಹುಶಃ ಚಿಕ್ಕಪ್ಪ ಬ್ಯಾಂಕಿನಿಂದ ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಮನೆ ಮೇಲೊಂದು ಮಹಡಿ ಕಟ್ಟಿದ್ದರು, ಅದಕ್ಕಿರಬೇಕು. ಮಾರ್ಚ್‌ನಲ್ಲಿ ಒಂದು ರಾತ್ರಿ ಎದ್ದು ಕೂತು, ಕೊನೆಗೂ ಲೆಕ್ಕ ಹಾಕಿದೆ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾನೂನಿನ ಲೆಕ್ಕ ತುಂಬ ಸರಳವಾಗಿತ್ತು. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ), ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಒಂದು ವರ್ಷದ್ದು ಬಂತು. ಅದಕ್ಕೆ ಎಷ್ಟು ವರ್ಷವೋ ಅಷ್ಟರ ಗುಣಾಕಾರ. ಆರು ತಿಂಗಳಿಗಿಂತ ಜಾಸ್ತಿ ಇರುವ ತುಂಡು ವರ್ಷ ಪೂರ್ತಿ ವರ್ಷ ಅಂತಲೇ ಲೆಕ್ಕ. ನನ್ನ ಕೈಗೆ ಬರುತ್ತಿದ್ದದ್ದು 41 ಸಾವಿರ. ಅದರಲ್ಲಿ ಬೇಸಿಕ್ 22 ಸಾವಿರ, ಡಿಎ ಇಲ್ಲವೇ ಇಲ್ಲ. ಉಳಿದದ್ದೆಲ್ಲ ಅದೂ ಇದೂ ಭತ್ಯೆ. ಮೊಬೈಲ್ ಕ್ಯಾಲ್ಕುಲೇಟರ್ ಹೇಳಿದ್ದು: 63,461.

ಮೂರು ಸಲ ಒತ್ತಿ ನೋಡಿದೆ. ಅದೇ ಸಂಖ್ಯೆ.

ಸಣ್ಣ ಮೊತ್ತ ಅಂತ ಹೇಳುತ್ತಿಲ್ಲ. ನಮ್ಮ ಮನೆಗೆ ಅದು ಎರಡು ತಿಂಗಳ ಖರ್ಚು. ಆದರೆ ನನ್ನನ್ನು ಕಟ್ಟಿಹಾಕಿದ್ದ ಹಗ್ಗ ಇಷ್ಟು ಸಣ್ಣದಾ ಅನ್ನಿಸಿತು. ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು 60 ದಿನದ ನೋಟಿಸ್ ಮುಗಿಸಿದರೆ ಜೂನ್ 9. ಐದು ವರ್ಷ ತುಂಬುವುದು ಅಕ್ಟೋಬರ್ 7ಕ್ಕೆ. ನಡುವೆ 120 ದಿನ. ಭಾಗಿಸಿದೆ. ದಿನಕ್ಕೆ 529 ರೂಪಾಯಿ. ದಿನಾ ಬೆಳಿಗ್ಗೆ ಎದೆ ಹೊಡೆದುಕೊಳ್ಳುತ್ತಾ ಬಸ್ ಹತ್ತುವುದಕ್ಕೆ, ಸಂಬಳದ ಮೇಲೆ ಸಿಗುವ ಇನಾಮು ಇಷ್ಟು.

ಅಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅದೇ ಕಾನೂನಿನ 2ಎ ಅನ್ನುವ ಕಲಮು. ಒಂದು ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಪೂರ್ತಿ ವರ್ಷದ ನಿರಂತರ ಸೇವೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಕಡೆ 190 ದಿನ ಸಾಕು. ನಮ್ಮದು ಆರು ದಿನದ ವಾರ, ಹಾಗಾಗಿ 240. ಇದನ್ನೇ ಹಿಡಿದು ನಾಲ್ಕು ವರ್ಷ 240 ದಿನ ಆದವರಿಗೂ ಗ್ರಾಚ್ಯುಟಿ ಸಲ್ಲುತ್ತದೆ ಅಂತ ಮದ್ರಾಸ್ ಹೈಕೋರ್ಟ್ ಒಂದು ಕೇಸಿನಲ್ಲಿ ಹೇಳಿದೆ. ಆದರೆ ಪಕ್ಕದ ರಾಜ್ಯದ ಹೈಕೋರ್ಟ್ ಮಾತನ್ನು ನಮ್ಮಲ್ಲಿ ಕೇಳಲೇಬೇಕು ಅಂತೇನಿಲ್ಲ. ತೋರಿಸಿ ವಾದ ಮಾಡಬಹುದು ಅಷ್ಟೇ.

ಗೀಟು ಹಾಕಲು ಶುರು ಮಾಡಿದ್ದು ಆಗ. ನನ್ನ ಐದನೇ ವರ್ಷ ಶುರುವಾದದ್ದು 2022ರ ಅಕ್ಟೋಬರ್ 8ಕ್ಕೆ. ಅಲ್ಲಿಂದ ಹಿಂದಿನದ್ದೆಲ್ಲ ಹಾಜರಾತಿ ನೋಡಿ ತುಂಬಿಸಿದೆ. ಸಂಬಳದ ರಜೆ ಲೆಕ್ಕಕ್ಕುಂಟು ಅಂತ ಕಾನೂನಿನಲ್ಲೇ ಇತ್ತು. ಭಾನುವಾರ? ಸಂಬಳ ಕೊಡುವ ವಾರದ ರಜೆಯನ್ನೂ 240ರಲ್ಲಿ ಸೇರಿಸಬೇಕು ಅಂತ 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಬೇರೆ ಕಾರ್ಮಿಕ ಕಾನೂನಿನ ಕೇಸಿನಲ್ಲಿ. ಹಾಗೆ ಎಣಿಸಿದರೆ ಜೂನ್ 4ಕ್ಕೆ 240. ಜೂನ್ 9ಕ್ಕೆ 245. ಐದು ದಿನ ಕೈಯಲ್ಲಿ. ನೋಟಿಸಿನ ದಿನಗಳೂ ಕೆಲಸದ ದಿನಗಳೇ ತಾನೇ? ಏಪ್ರಿಲ್ 10, ಸೋಮವಾರ, ಮೇಲ್ ಕಳಿಸಿದೆ.

ಎಚ್‌ಆರ್ ಹುಡುಗಿ ಒಳ್ಳೆಯವಳೇ. 'ಮೇಡಂ, ಇನ್ನು ನಾಲ್ಕು ತಿಂಗಳು ತಾಳ್ಕೊಂಡ್ರೆ ಐದು ವರ್ಷ ಆಗುತ್ತೆ ನೋಡಿ' ಅಂದಳು. 240 ದಿನದ ಮಾತೆತ್ತಿದೆ. ಅವಳು ಪಾಪ ಮಾನಿಟರ್ ಕಡೆ ತಿರುಗಿ, 'ನಮ್ ಸಿಸ್ಟಮಲ್ಲಿ ಐದು ಅಂದ್ರೆ ಐದೇ ಮೇಡಂ' ಅಂದಳು.

ನಿಜ ಹೇಳಬೇಕೆಂದರೆ ಗ್ರಾಚ್ಯುಟಿಗಿಂತ ದೊಡ್ಡ ಹೊಡೆತ ಬೇರೆಯದು ಇತ್ತು, ಅದರ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆಯಲ್ಲಿ ಅಮ್ಮನೂ ಇದ್ದರು. ಅಮ್ಮನಿಗೆ ಸಕ್ಕರೆ ಕಾಯಿಲೆ. ಅಲ್ಲಿ ಹಳೆ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷೆ ಇತ್ತು. ಜೂನ್ 9ರ ಮಧ್ಯರಾತ್ರಿಗೆ ಅದು ಬಂದ್. ಹೊಸದಾಗಿ ಸ್ವಂತ ಪಾಲಿಸಿ ಮಾಡಿಸಿದರೆ ಹಳೆ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಬಲಗಣ್ಣಿನ ಪೊರೆ ಆಪರೇಷನ್ನನ್ನು ಅಮ್ಮ ಎರಡು ವರ್ಷದಿಂದ 'ಆಮೇಲೆ ಮಾಡಿಸೋಣ' ಅಂತ ಮುಂದಕ್ಕೆ ತಳ್ಳುತ್ತಿದ್ದರು. ಮೇ ತಿಂಗಳಲ್ಲೇ ಮಾಡಿಸಿಬಿಟ್ಟೆ. ನೋಟಿಸ್ ಅವಧಿಯಲ್ಲಿ ರಜೆ ಕೊಡಲ್ಲ, ತಗೊಂಡರೆ ಕೊನೆಯ ದಿನ ಅಷ್ಟು ಮುಂದಕ್ಕೆ ಹೋಗುತ್ತೆ ಅಂತ ಮ್ಯಾನೇಜರ್ ಹೆದರಿಸಿದರು. ಮುಂದಕ್ಕೆ ಹೋದರೆ ನನಗೇ ಲಾಭ ಅಂತ ಅವರಿಗೇನು ಗೊತ್ತು! ಕೊನೆಗೆ ವಾರದ ರಜೆ ದಿನವೇ ಆಪರೇಷನ್ ಆಯಿತು. ಥಿಯೇಟರ್ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಯಾರದೋ ಕಳೆದುಹೋದ ಕುಕ್ಕರ್ ಹುಡುಕುತ್ತಿದ್ದೆ. ರಜೆಯ ದಿನ. ಹೊರಬಂದ ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡೇ ಕೇಳಿದರು, 'ಕುಕ್ಕರ್ ಸಿಕ್ತಾ?'

ಕೆಲಸ ಬಿಡುವ ಯೋಚನೆ ಇರುವವರಿಗೆ ಒಂದು ಮಾತು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅವಕಾಶ ಉಂಟು. ಕೊನೆಯ ದಿನಕ್ಕೆ ಮುಂಚೆಯೇ ಬರೆದು ಕೇಳಿ. ನಾನು ಮೇ ಕೊನೆಯಲ್ಲಿ ಕೇಳಿದೆ, ಸಿಕ್ಕಿತು. ಪ್ರೀಮಿಯಂ ನೋಡಿ ಒಂದು ಲೋಟ ನೀರು ಕುಡಿದೆ, ಆದರೂ ಕಟ್ಟಿದೆ.

ಪಿಎಫ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅದು ನಮ್ಮ ದುಡ್ಡು, ಕಂಪನಿ ಪಾಲೂ ನಮ್ಮದೇ. 2023ರಲ್ಲಿ ಕೆಲಸ ಬಿಟ್ಟು ಒಂದು ತಿಂಗಳಾದರೆ ನೂರಕ್ಕೆ 75 ಭಾಗ, ಎರಡು ತಿಂಗಳಾದರೆ ಉಳಿದದ್ದೂ ತೆಗೆಯಬಹುದಿತ್ತು. ಒಟ್ಟು ಸೇವೆ ಐದು ವರ್ಷಕ್ಕಿಂತ ಕಡಿಮೆ ಇದ್ದರೆ ತೆರಿಗೆ ಬೀಳುತ್ತದೆ. ನಾನು ಹಿಂದಿನ ಕಂಪನಿಯ ಎರಡು ವರ್ಷದ ಖಾತೆಯನ್ನು ವರ್ಗಾಯಿಸಿದ್ದೆ, ಹಾಗಾಗಿ ಆ ಭಯ ಇರಲಿಲ್ಲ. ಪೆನ್ಷನ್‌ಗೆ ಹತ್ತು ವರ್ಷ ಬೇಕು. ನನ್ನದು ಆರೂ ಚಿಲ್ಲರೆ. ಅದನ್ನು ಮುಟ್ಟದೆ ಬಿಟ್ಟಿದ್ದೇನೆ, ಮುಂದಿನ ಕೆಲಸಕ್ಕೆ ಸೇರಿಕೊಳ್ಳುತ್ತದೆ. ಕಂಪನಿಯವರು ನಾನು ಬಿಟ್ಟ ದಿನಾಂಕವನ್ನೇ ಪಿಎಫ್ ಪೋರ್ಟಲ್‌ನಲ್ಲಿ ಹಾಕಿರಲಿಲ್ಲ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನಾವೇ ಹಾಕಿಕೊಳ್ಳಬಹುದು. ಸೆಪ್ಟೆಂಬರ್‌ನಲ್ಲಿ ಹಾಕಿಕೊಂಡೆ.

ನನಗಿಂತ ಮುಂಚೆ, ಮಾರ್ಚ್ ಕೊನೆಯಲ್ಲಿ ನಮ್ಮ ತಂಡದ ಹುಡುಗನೊಬ್ಬ ಬಿಟ್ಟಿದ್ದ. ಸಂಬಳ 21 ಸಾವಿರದೊಳಗೆ, ಹಾಗಾಗಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇತ್ತು. ಬಿಟ್ಟ ದಿನವೇ ಕಾರ್ಡ್ ಸತ್ತಿತು ಅಂದುಕೊಂಡು ಹೆಂಡತಿಯನ್ನು ಖಾಸಗಿ ಆಸ್ಪತ್ರೆಗೆ ತೋರಿಸುತ್ತಿದ್ದ. ಹಾಗಲ್ಲ ಅದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ ಸೌಲಭ್ಯ. ಅದಕ್ಕೂ ಹಿಂದೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಜನವರಿಯಿಂದ ಜೂನ್‌ವರೆಗೆ ನಡೆಯುತ್ತದೆ. ಹೇಳಿದ ಮೇಲೆ ಅವನು ಸುಮ್ನೆ ನನ್ನ ಮುಖ ನೋಡಿದ. ಅವನು ಎಷ್ಟು ಖರ್ಚು ಮಾಡಿಕೊಂಡಿದ್ದ ಅಂತ ನಾನು ಕೇಳಲಿಲ್ಲ.

ಜೂನ್ 9 ಶುಕ್ರವಾರ. ಸಂಜೆ ಐಡಿ ಕಾರ್ಡ್ ಕೊಟ್ಟು ಬಂದೆ. ಗೇಟಿನ ಸೆಕ್ಯುರಿಟಿ ಅಣ್ಣ, 'ಆರಾಮಾಗಿ ಮಲ್ಕೊಳ್ಳಿ ಮೇಡಂ' ಅಂದರು. ಅವರಿಗೆ ಹೇಗೆ ಗೊತ್ತಾಯಿತೋ. ಶನಿವಾರ ಹನ್ನೆರಡು ಗಂಟೆ ಮಲಗಿದೆ.

ಗ್ರಾಚ್ಯುಟಿ ಅರ್ಜಿಗೆ 'ಫಾರ್ಮ್ ಐ' ಅಂತ ಒಂದಿತ್ತು. ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕಿತ್ತು. ಜೂನ್ 20ಕ್ಕೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ. ಜುಲೈ 12ಕ್ಕೆ ಒಂದೇ ಸಾಲಿನ ಉತ್ತರ: ಐದು ವರ್ಷ ಪೂರೈಸಿಲ್ಲ, ಅರ್ಹತೆ ಇಲ್ಲ. ಹಾಗೆ ಹೇಳಿದರೆ 90 ದಿನದೊಳಗೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ 'ಫಾರ್ಮ್ ಎನ್' ಅನ್ನುವ ಅರ್ಜಿ ಕೊಡಬಹುದಿತ್ತು. ಕೊಡಬೇಕೋ ಬೇಡವೋ ಅಂತ ಆಗಸ್ಟ್ ಪೂರ್ತಿ ತೂಗಾಡಿದೆ. ಮತ್ತೆ ಆ ಕಂಪನಿಯ ಹೆಸರು ಬರೆಯಲೂ ಕೈ ಬರುತ್ತಿರಲಿಲ್ಲ.

ಆಗಸ್ಟ್ ಕೊನೆಯಿಂದ ಈಚೆಗೆ ಮನೆಗೆ ಬರುತ್ತಿದ್ದ ದುಡ್ಡು ಅಂದರೆ ಅಮ್ಮನ ಗೃಹಲಕ್ಷ್ಮಿಯ 2,000. ನಮ್ಮಲ್ಲಿ ನಾವಾಗೇ ರಾಜೀನಾಮೆ ಕೊಟ್ಟವರಿಗೆ ತಿಂಗಳು ತಿಂಗಳು ಯಾರೂ ಏನೂ ಕೊಡಲ್ಲ. 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತಲ್ಲ, ಟಿವಿ ನೋಡುತ್ತಾ ಅಮ್ಮ ಕೇಳಿದರು, 'ನಿಂಗೂ 3,000 ಬರುತ್ತೇನೇ?' 2022-23ರಲ್ಲಿ ಡಿಗ್ರಿ ಮುಗಿಸಿದವರಿಗೆ ಅಮ್ಮಾ ಅದು. ನಾನು ಮುಗಿಸಿದ್ದು 2010ರಲ್ಲಿ. 'ಮತ್ತೆ ಓದಿದ್ರೆ?' ಅಂದರು. ಹೊಸ ಕಣ್ಣು ಬಂದ ಮೇಲೆ ಅಮ್ಮನ ತಮಾಷೆಯೂ ಚುರುಕಾಗಿದೆ.

ಫಾರ್ಮ್ ಎನ್ ಕೊಟ್ಟೆ. ಅಕ್ಟೋಬರ್ 6ಕ್ಕೆ, 86ನೇ ದಿನ. ಅಲ್ಲೇ ಇದ್ದಿದ್ದರೆ ಮರುದಿನಕ್ಕೆ ನನಗೆ ಐದು ವರ್ಷ. ಗುಮಾಸ್ತರು ಕಾಗದ ತಿರುಗಿಸಿ ನೋಡಿ, 'ಈಗೆಲ್ಲಿ ಕೆಲಸ?' ಅಂದರು. 'ಎಲ್ಲೂ ಇಲ್ಲ ಸರ್.' 'ಬಿಪಿ ಗಿಪಿ?' ನನಗೆ ನಗು ಬಂತು. 130ಕ್ಕೆ 84 ಅಂದೆ. ಸೀಲು ಹೊಡೆದು ನನ್ನ ಪ್ರತಿ ಕೊಟ್ಟರು.

ಇಲ್ಲಿವರೆಗೆ ಎರಡು ವಾಯಿದೆ ಆಗಿದೆ. ಒಂದಕ್ಕೆ ಕಂಪನಿಯವರು ಬರಲಿಲ್ಲ, ಇನ್ನೊಂದಕ್ಕೆ ಬಂದು ಸಮಯ ಕೇಳಿದರು. ಹಾಜರಾತಿ ದಾಖಲೆ ತರಲು ಅಧಿಕಾರಿ ಅವರಿಗೆ ಹೇಳಿದ್ದಾರೆ. ಮುಂದಿನ ವಾಯಿದೆ ಫೆಬ್ರವರಿಗೆ. ಈ ಸಲ ವಕೀಲರು ಬರುತ್ತಾರಂತೆ. ನಾನು ಸಂಬಳದ ಚೀಟಿಗಳ ಜೊತೆ ಡೈರಿಯನ್ನೂ ಒಯ್ಯುತ್ತೇನೆ. ಗೀಟುಗಳನ್ನು ನಿನ್ನೆ ರಾತ್ರಿ ಇನ್ನೊಮ್ಮೆ ಎಣಿಸಿದೆ. 245 ಇವೆ.